ನಾಲ್ಕಕ್ಕೆ ನಿಲ್ಲಿಸುವವರು

ನನ್ನ ಗಂಡ ಚಂದ್ರಕುಮಾರ್ ಸುಳ್ಳು ಹೇಳುವುದಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ಸುಳ್ಳು ಹೇಳದ ಗಂಡನ ಜೊತೆ ಬಾಳುವ ಕಷ್ಟ ಬಾಳಿದವರಿಗೇ ಗೊತ್ತು.

ನಾವು ಬೌದ್ಧರು. ಮದುವೆಯಿರಲಿ, ನಾಮಕರಣವಿರಲಿ, ಎಲ್ಲರೂ ಎದ್ದು ಕೈಮುಗಿದು ಪಂಚಶೀಲ ಹೇಳುತ್ತೇವೆ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಅಡ್ಡದಾರಿ ಹಿಡಿಯುವುದಿಲ್ಲ, ಸುಳ್ಳಾಡುವುದಿಲ್ಲ. ಈ ನಾಲ್ಕನ್ನು ಇವರು ಗಟ್ಟಿಯಾಗಿಯೇ ಹೇಳುತ್ತಾರೆ. ಐದನೆಯದು ಅಮಲಿನ ವಿಷಯ. ಅದು ಬಂದ ಕೂಡಲೇ ಬಾಯಿ ಮುಚ್ಚಿ ತಾರಸಿ ನೋಡುತ್ತ ನಿಲ್ಲುತ್ತಾರೆ. ಹಿರೇನಲ್ಲೂರಿನಿಂದ ಚೌಳಹಿರಿಯೂರಿನವರೆಗೆ ನಮ್ಮ ನೆಂಟರಿಗೆಲ್ಲ ಇದು ಗೊತ್ತು. ಐದನೆಯದು ಬಂದಾಗ ಕೆಲವರು ತಿರುಗಿ ಇವರನ್ನೇ ನೋಡುತ್ತಾರೆ.

ಅಮಲು ಅಂದರೆ ಹೆಂಡ ಸಾರಾಯಿ, ನೀನು ಮುಟ್ಟುವುದು ಬರೀ ಸಿಗರೇಟು, ಧಾರಾಳವಾಗಿ ಹೇಳು ಎಂದು ಹಿರಿಯರೆಲ್ಲ ಬುದ್ಧಿ ಹೇಳಿ ಸೋತರು. ಮಾವ ಉಗ್ರಪ್ಪನವರು ದೀಕ್ಷೆ ತೆಗೆದುಕೊಂಡ ದಿನ ಬೀಡಿ ಕಟ್ಟನ್ನು ಒಲೆಗೆ ಹಾಕಿ, ಈ ಮನೆಯಲ್ಲಿ ಹೊಗೆಯೂ ಐದನೆಯದಕ್ಕೇ ಸೇರಿತು ಅಂದಿದ್ದರಂತೆ. ಅಪ್ಪನ ಮಾತು ಮೀರಿ ಇವರು ಸಿಗರೇಟು ಸೇದಬಲ್ಲರು, ಸೇದಿ ಸೇದಿಲ್ಲ ಅನ್ನಲಾರರು. ಇದೆಂಥ ನಿಯತ್ತೋ ನನಗಂತೂ ತಿಳಿಯಲಿಲ್ಲ.

ಅತ್ತೆ ಓಬಮ್ಮನವರದು ಇನ್ನೊಂದು ದಾರಿ. ಕೆನ್ನೆಯಲ್ಲಿ ಎಲೆಅಡಿಕೆ, ಹೊಗೆಸೊಪ್ಪು ಇಟ್ಟುಕೊಂಡೇ ಐದನೆಯದನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಾರೆ. ಹೊಸ ಸೊಸೆಯಾಗಿದ್ದಾಗ ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಹೊಗೆ ಎಲ್ಲಿಂದ ಬತ್ತೈತೆ ತೋರ್ಸೇ" ಅಂದರು.

ಹೋದ ವರ್ಷ ಇವರಿಗೆ ಕೆಮ್ಮು ಜಾಸ್ತಿಯಾಗಿ ಕಡೂರಿನ ಡಾಕ್ಟರ ಹತ್ತಿರ ಹೋದೆವು. ಸಿಗರೇಟು ಬಿಡಲು ಅವರು ನಿಕೋಟಿನ್ ಪಟ್ಟಿ ಬರೆದುಕೊಟ್ಟರು. ತೋಳಿಗೆ ಅಂಟಿಸಿಕೊಂಡರೆ ಸಿಗರೇಟಿನ ಅಮಲು ಹೊಗೆಯಿಲ್ಲದೆ ಚರ್ಮದಿಂದ ಸ್ವಲ್ಪಸ್ವಲ್ಪ ಒಳಗೆ ಇಳಿಯುತ್ತದೆ, ಮೊದಲು ದೊಡ್ಡದು, ಆಮೇಲೆ ಮಧ್ಯದ್ದು, ಆಮೇಲೆ ಚಿಕ್ಕದು, ಆಮೇಲೆ ಏನೂ ಇಲ್ಲ. ಇವರು ಪಟ್ಟಿ ಅಂಟಿಸಿದ ದಿನವೇ ಸಿಗರೇಟು ಬಿಟ್ಟರು. ಆಡಿದ ಮಾತಿನಂತೆ ನಡೆದರು, ಒಪ್ಪುತ್ತೇನೆ. ಆದರೆ ಚಿಕ್ಕ ಪಟ್ಟಿಗೆ ಬಂದವರು ಅಲ್ಲೇ ಠಿಕಾಣಿ ಹೂಡಿದರು.

ದೀಪಾವಳಿ ಕಳೆಯಲಿ ಅಂದರು. ಕಳೆಯಿತು. ಬೇಸಿಗೆಯಲ್ಲಿ ಕೆಲಸ ಜಾಸ್ತಿ, ಮಳೆ ಹಿಡಿಯಲಿ ಅಂದರು. ಇವರದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ. ಮಳೆ ಹಿಡಿದರೆ ಕೆಲಸ ಕಡಿಮೆ, ಸುಮ್ಮನೆ ಕೂತರೆ ಸಿಗರೇಟು ನೆನಪಾಗುತ್ತದೆ ಅಂದರು. ಒಂದು ದಿನ ಪಟ್ಟಿಯನ್ನು ಅರ್ಧ ಮಾಡಿ ಹಾಕಿಕೊಳ್ಳುತ್ತೇನೆಂದು ನನ್ನ ಟೈಲರಿಂಗ್ ಕತ್ತರಿಗೆ ಕೈಹಾಕಿದರು. ಕತ್ತರಿಸಬಾರದು ಎಂದು ಡಾಕ್ಟರು ಹೇಳಿದ್ದರಲ್ಲ, ಕತ್ತರಿ ಬಚ್ಚಿಟ್ಟೆ. ಯಾವ ತಾರೀಖಿಗೆ ನಿಲ್ಲಿಸಲಿ ಎಂದು ಡಾಕ್ಟರನ್ನೇ ಕೇಳಿದರೆ, ನಿಮಗೆ ಧೈರ್ಯ ಬಂದ ದಿನ ನಿಲ್ಲಿಸಿ, ತೊಂದರೆಯಾದರೆ ನಾನಿದ್ದೇನೆ ಅಂದರಂತೆ. ಇವರಿಗೆ ಅದು ಹಿಡಿಸಲಿಲ್ಲ. ಡಾಕ್ಟರಾಗಿ ಒಂದು ತಾರೀಖು ಕೊಡಲಾಗುವುದಿಲ್ಲವೇ ಎಂದು ಮನೆಗೆ ಬಂದು ನನ್ನ ಮೇಲೆ ರೇಗಿದರು.

ಮೋಟರಿಗೆ ಸ್ಟಾರ್ಟಿಂಗ್ ಕೆಪಾಸಿಟರ್ ಇರುವ ಹಾಗೆ ಈ ಪಟ್ಟಿ, ಹೊರಡಲು ಬೇಕಾಗುತ್ತದೆ ಎಂದು ನನಗೆ ಪಾಠ ಮಾಡಿದರು. ಮೋಟರ್ ಓಡಲು ಶುರುವಾದ ಮೇಲೆ ಅದು ಏನಾಗುತ್ತದೆ ಅಂತ ಕೇಳಿದೆ. ತಾನಾಗಿಯೇ ಕಟ್ ಆಗುತ್ತದೆ ಅಂದರು. ಅಂದವರು ಎದ್ದು ಅಂಗಡಿಗೆ ಹೋದರು.

ಹೀಗಿರುವಾಗ ಮಗಳು ಪ್ರಜ್ಞಾಳ ಮದುವೆ ಗೊತ್ತಾಯಿತು. ಹುಡುಗ ಲಿಂಗದಹಳ್ಳಿಯ ವೇಣು. ಪಂಚಶೀಲವನ್ನು ಅಪ್ಪನೇ ಮುಂದೆ ನಿಂತು ಹೇಳಿಕೊಡಬೇಕು, ಮಿಕ್ಕವರು ಹಿಂದೆ ಹೇಳಬೇಕು ಎಂದು ಮಗಳು ಹಟ ಹಿಡಿದಳು. ದೊಡ್ಡಪ್ಪನ ಕೈಲಿ ಹೇಳಿಸೋಣ ಅಂದರೆ ಕೇಳಲಿಲ್ಲ.

"ಅಪ್ಪ ನಾಲ್ಕಕ್ಕೆ ನಿಲ್ಸಿದ್ರೆ ನನ್ನ ಮದ್ವೆನೂ ನಾಲ್ಕಕ್ಕೇ ನಿಲ್ಲುತ್ತೆ ಅಷ್ಟೆ" ಅಂದಳು.

ಇವರು ಅನ್ನ ಕಲಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ. ಅತ್ತೆ ಬಾಗಿಲ ಹತ್ತಿರ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಸಿಗರೇಟು ಬಿಟ್ಟಾಯಿತಲ್ಲ, ಪಟ್ಟಿಯಿಂದ ಹೊಗೆ ಬರುವುದಿಲ್ಲವಲ್ಲ, ಹೇಳಿಬಿಡು ಎಂದು ಮಗನಿಗೆ ಧೈರ್ಯ ಕೊಟ್ಟರು.

"ಹೊಗೆ ಬರ್ದಿದ್ರೇನವ್ವಾ, ಒಳಕ್ಕೆ ಹೋಗೋದು ಅದೇ ಅಲ್ವಾ" ಅಂದರು ಇವರು. "ಅದ್ನ ಅಂಟಿಸ್ಕೊಂಡು ಇಲ್ಲ ಅಂದ್ರೆ ನಾಲ್ಕನೇದೂ ಹೋಯ್ತು."

ಅತ್ತೆಯ ಕೈ ಸುಣ್ಣದ ಡಬ್ಬಿಯ ಮೇಲೆ ನಿಂತಿತು. ಆಮೇಲೆ ಎಲೆ ಮಡಿಚಿ ಬಾಯಿಗೆ ಹಾಕಿಕೊಂಡರು.

ಮದುವೆಗೆ ವಾರವಿರುವಾಗ ಇವರು ಪಟ್ಟಿ ಕಿತ್ತರು. ಆ ವಾರವನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ. ಸಾರಿಗೆ ಉಪ್ಪಿಲ್ಲ ಅಂದರು, ಉಪ್ಪು ಹಾಕಿದರೆ ಜಾಸ್ತಿ ಅಂದರು. ಲಗ್ನಪತ್ರಿಕೆ ಕೊಡಲು ಅಜ್ಜಂಪುರಕ್ಕೆ ಹೋದವರು ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿ ಮುಂದೆ ನಿಂತು, ಕೊನೆಗೆ ಜೇಬಿನ ತುಂಬ ಪೆಪ್ಪರ್‌ಮಿಂಟು ತಂದರು. ಅದನ್ನು ಕಚಕಚ ಅಗಿಯುವುದು ಕೇಳಿ ಕೇಳಿ ನನಗೆ ತಲೆ ಸಿಡಿಯಿತು. ಸೇದಿಬಿಡಿ ಅನ್ನುವ ಮಾತು ನಾಲಿಗೆ ತುದಿಗೆ ಬಂದು ವಾಪಸು ಹೋಯಿತು.

ಮದುವೆಯ ಹಿಂದಿನ ದಿನ ಇವರ ಬಿಳಿ ಅಂಗಿ ಇಸ್ತ್ರಿ ಮಾಡಲು ಹೋದರೆ ಜೇಬಿನಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು. ಒಂದು ಪಟ್ಟಿ, ಕವರ್ ಒಡೆದಿರಲಿಲ್ಲ. ಕೊನೆಯದನ್ನು ಎತ್ತಿಟ್ಟುಕೊಂಡಿದ್ದರು. ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಒಲೆಗೆ ಹಾಕಿದರೆ ಇವರು ಬಿಟ್ಟ ಹಾಗಾಗುವುದಿಲ್ಲ, ನಾನು ಬಿಡಿಸಿದ ಹಾಗಾಗುತ್ತದೆ. ಇಸ್ತ್ರಿ ಮಾಡಿ ಅದನ್ನು ಅದೇ ಜೇಬಿನಲ್ಲಿಟ್ಟೆ. ಅತ್ತೆ ಚಾಪೆಯ ಮೇಲೆ ಕೂತು ನೋಡುತ್ತಿದ್ದರು.

ಮದುವೆ ಕಡೂರಿನ ಸಮುದಾಯ ಭವನದಲ್ಲಿ. ಇವರು ಮುಂದೆ ನಿಂತು ಕೈಮುಗಿದರು. ಒಂದೊಂದಾಗಿ ಹೇಳಿದರು, ಸಭೆಯೆಲ್ಲ ಹಿಂದೆ ಹೇಳಿತು. ನಾಲ್ಕಾಯಿತು. ಇವರು ತಾರಸಿ ನೋಡಿದರು. ನೆಂಟರೆಲ್ಲ ಇವರನ್ನು ನೋಡಿದರು. ಪ್ರಜ್ಞಾ ಹೂವಿನ ಹಾರ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

ಆಮೇಲೆ ಐದನೆಯದನ್ನು ಹೇಳಿದರು. ಪೂರ್ತಿ ಹೇಳಿದರು. ಸಭೆ ಅದನ್ನು ಜೋರಾಗಿಯೇ ಎತ್ತಿಕೊಂಡಿತು. ನಾನು ಅತ್ತುಬಿಟ್ಟೆ. ಅಳುತ್ತಲೇ ಒಂದು ದನಿ ಕಡಿಮೆಯಾಯಿತು ಅನ್ನಿಸಿ ಪಕ್ಕಕ್ಕೆ ತಿರುಗಿದೆ. ಅತ್ತೆ ಕೈಮುಗಿದುಕೊಂಡೇ ಇದ್ದರು. ಬಾಯಿ ಮುಚ್ಚಿತ್ತು. ತಾರಸಿ ನೋಡುತ್ತಿದ್ದರು.

ಊಟದ ಹೊತ್ತಿಗೆ ಅತ್ತೆ ಮಗನನ್ನು ಕೈಮಾಡಿ ಕರೆದರು. ಇವರು ಪಾಯಸದ ಬಕೆಟ್ ಹಿಡಿದೇ ಬಂದರು.

"ಜೇಬಲ್ಲಿರೋದು ನಂಗೆ ಕೊಡ್ತೀಯೇನೋ" ಅಂದರು ಅತ್ತೆ.

ಇವರು ನನ್ನ ಮುಖ ನೋಡಿದರು. ನಾನು ಬಾಳೆಎಲೆ ನೋಡಿದೆ. ಇವರು ಬಕೆಟ್ ಕೆಳಗಿಟ್ಟು, ಜೇಬಿನ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಪಂಕ್ತಿಯಲ್ಲಿ ಪಾಯಸ ಎಲ್ಲಿ ಎಂದು ಯಾರೋ ಕೂಗಿದರು. ಇವರು ಪಟ್ಟಿ ತೆಗೆದು ಅವ್ವನ ಕೈಗೆ ಕೊಟ್ಟರು.

"ಡಾಕ್ಟ್ರನ್ನ ಕೇಳ್ದೆ ಅಂಟಿಸ್ಕೋಬೇಡ ಕಣವ್ವ" ಅಂದರು.

ಅತ್ತೆ ಅದನ್ನು ಎಲೆಅಡಿಕೆ ಚೀಲದೊಳಗೆ, ಹೊಗೆಸೊಪ್ಪಿನ ಪಕ್ಕದಲ್ಲೇ ಇಟ್ಟು ಚೀಲದ ಬಾಯಿ ಎಳೆದರು. ಇವರು ಪಾಯಸ ಬಡಿಸಲು ಹೋದರು. ಪಂಕ್ತಿ ಮುಗಿಯುವುದರೊಳಗೆ ಇವರ ಕೈ ಎಷ್ಟೋ ಸಲ ಆ ಜೇಬಿಗೆ ಹೋಗಿ ಬರಿಗೈಯಲ್ಲಿ ಬಂತು. ಪ್ರತಿಸಲವೂ ಮತ್ತೆ ಸೌಟು ಹಿಡಿದರು.