ಐದು ದಿನದ ಗಂಡ

“ಏಯ್ ಲದ್ದಿ ಬುಟ್ಟಿ, ಸರಿಯಾಗಿ ಕೈ ತೊಳ್ಕೊಳ್ಳೇ. ಮೂರು ಸಲ ಸೋಪು ಹಾಕು. ಅಧಿಕಾರಿಗಳಿಗೆ ವಾಸನೆ ಹೊಡೀಬಾರ್ದು.”

ಹೀಗೆ ಕೂಗಿದವನು ರೇಸ್ ಕ್ಲಬ್ಬಿನ ಕಾರ್ಯದರ್ಶಿ. ಲದ್ದಿ ಬುಟ್ಟಿ ಅಂದರೆ ನಾನೇ. ಹದಿನಾಲ್ಕು ವರ್ಷದಿಂದ ಇವರ ಕುದುರೆ ಲಾಯದಲ್ಲಿ ಲದ್ದಿ ಬಾಚುತ್ತಿದ್ದೇನೆ. ಈ ಮನುಷ್ಯ ನನ್ನ ಕೈ ಕಡೆ ನೋಡಿದ್ದು ಅವತ್ತೇ ಮೊದಲು. ಅವತ್ತು ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಯಾಕೆಂದರೆ ಅದನ್ನು ಎತ್ತಬೇಕಿತ್ತು.

ಸಂಗತಿ ಇಷ್ಟು. ರೇಸು ನಡೆಯುವುದು ವಾರಕ್ಕೆ ಎರಡೇ ದಿನ. ಮಿಕ್ಕ ಐದು ದಿನ ಬಾಜಿ ಕಟ್ಟುವ ಕಿಟಕಿ ಮುಚ್ಚಿರುತ್ತದೆ. ಅದನ್ನು ನೋಡಿ ನೋಡಿ ದೊಡ್ಡವರ ಹೊಟ್ಟೆ ಉರಿಯುತ್ತಿತ್ತು. ಗ್ಯಾಲರಿಯ ಕೆಳಗೆ ಜೂಜಿನ ಮಿಷಿನ್ನುಗಳ ಹಾಲ್ ಕಟ್ಟಿ, ಏಳೂ ದಿನ ಬಾಗಿಲು ತೆರೆದಿಡಲು ಸರ್ಕಾರದ ಒಪ್ಪಿಗೆ ಕೇಳಿದ್ದರು. ಒಪ್ಪಿಗೆ ಕೊಡುವ ಮೊದಲು ಅಲ್ಲೇ ವಾಸವಿರುವ ಜನರನ್ನು ಕೇಳಬೇಕಂತೆ, ಕಾನೂನು. ಲಾಯದ ಹಿಂದಿನ ಸಾಲುಕೋಣೆಗಳಲ್ಲಿರುವ ನಾವು ನಲವತ್ತು ಆಳುಗಳೇ ಆ ಜನ. ಹುಟ್ಟಿದಾಗಿನಿಂದ ನಮ್ಮನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದರೆ ಏನು ಹೇಳಬೇಕೆಂಬುದನ್ನೂ ಪಾಪ, ಅವರೇ ಕಲಿಸಿಕೊಟ್ಟರು.

ನಮ್ಮ ಕೋಣೆಗಳ ಮುಂದೆ, ಕುದುರೆಗಳ ಕಣ್ಣಿಗೆ ಬೀಳದ ಕಡೆ, ಬೆಳಗ್ಗೆಯಿಂದ ತಾಲೀಮು ನಡೆಯಿತು. ಬೇಕು ಎನ್ನುವವರು ಯಾರು ಎಂದ ಕೂಡಲೇ ಬಲಗೈ ಎತ್ತಬೇಕು. ಎತ್ತದವರು ಕೋಣೆ ಬಿಡಬೇಕು. ಹೊಸ ಅಂಗಿ, ಹೊಸ ಸೀರೆ ಹಂಚಿದರು. ಸಂಜೆ ಮಡಚಿ ವಾಪಸು ಕೊಡಬೇಕಂತೆ.

ನನ್ನ ಗಂಡನ ಮುಖ ಮಾತ್ರ ಅರಳಿತ್ತು. ಕ್ಲಬ್ಬಿನ ಗೆಲ್ಲುವ ಕುದುರೆ ಕೆಂದನನ್ನು ನೋಡಿಕೊಳ್ಳುವ ಆಳು ಅವನು. ರೇಸಿನ ಎರಡು ದಿನ ಅವನು ಮನುಷ್ಯನೇ ಅಲ್ಲ. ನನ್ನ ಓಲೆ ಬಾಜಿಗೆ ಹೋಯಿತು, ಮಗಳ ಶಾಲೆಯೂ ಹೋಯಿತು. ಮಿಕ್ಕ ಐದು ದಿನ ಮಗಳ ತಲೆ ಬಾಚುತ್ತಾನೆ, ನೀರು ಹೊರುತ್ತಾನೆ, ನಾನು ಸುಸ್ತಾಗಿ ಬಿದ್ದುಕೊಂಡರೆ ಕಾಲು ಒತ್ತುತ್ತಾನೆ. ಆ ಐದು ದಿನದ ಗಂಡನನ್ನು ನಂಬಿಕೊಂಡೇ ನಾನು ಸಂಸಾರ ಮಾಡಿದ್ದು. ಈಗ ಅವನನ್ನೂ ಕಿತ್ತುಕೊಳ್ಳಲು ಹೊರಟಿದ್ದರು, ಅದಕ್ಕೆ ನನ್ನ ಕೈಯೇ ಬೇಕಾಗಿತ್ತು.

ಗ್ಯಾಲರಿ ಮುಂದಿನ ಹುಲ್ಲಿನ ಮೇಲೆ ಸಭೆ. ಇದು ಜೂಜಲ್ಲ, ಮನರಂಜನೆ ಎಂದರು ಕ್ಲಬ್ಬಿನ ಅಧ್ಯಕ್ಷರು. ಬಂದ ಲಾಭದಲ್ಲಿ ಬಡವರ ಮಕ್ಕಳಿಗೆ ಪುಸ್ತಕ ಕೊಡುತ್ತಾರಂತೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಕೇಳಿದ್ದೆ. ತಳ್ಳಿದ ಮೇಲೆ ಓದಿಕೊಳ್ಳಿ ಎಂದು ಪುಸ್ತಕ ಎಸೆಯುವವರನ್ನು ಅವತ್ತೇ ಕಂಡೆ. ಪತ್ರಿಕೆಯವರ ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಕೆಂದನನ್ನೂ ತರಿಸಿ ವೇದಿಕೆಯ ಪಕ್ಕ ನಿಲ್ಲಿಸಿದ್ದರು.

ಅಲ್ಲೇ ಅವರು ಎಡವಿದ್ದು. ಕೆಂದ ಚಾವಟಿ ತಿಂದು ತಿಂದು ಬೆಳೆದ ಕುದುರೆ. ಅದರೆದುರು ಯಾರದೇ ಕೈ ಭುಜದಿಂದ ಮೇಲೆ ಹೋದರೂ, ಏಟು ಬಂತೆಂದು ಎಗರುತ್ತದೆ. ಲಾಯದಲ್ಲಿ ನಾವು ಅದಕ್ಕೆ ಕಾಣುವಂತೆ ಬಟ್ಟೆ ಕೂಡ ಒಣಹಾಕುವುದಿಲ್ಲ. ನಮ್ಮ ಕೂಸುಗಳಿಗೂ ಗೊತ್ತಿರುವ ಮಾತು. ದುರ್ಬೀನಿನಲ್ಲಿ ಕುದುರೆ ನೋಡುವವರಿಗೆ ಹೇಗೆ ಗೊತ್ತಾಗಬೇಕು?

“ಬೇಕು ಅನ್ನೋರು ಕೈ ಎತ್ತಿ,” ಎಂದರು ಸರ್ಕಾರದ ಅಧಿಕಾರಿ.

ನಲವತ್ತು ಜನರಲ್ಲಿ ಒಬ್ಬರೂ ಎತ್ತಲಿಲ್ಲ. ಧೈರ್ಯವೇನಲ್ಲ, ಕೆಂದನೆದುರಿನ ಅಭ್ಯಾಸ. ಅಧ್ಯಕ್ಷರ ಮುಖ ಸಪ್ಪಗಾಯಿತು. ಕಾರ್ಯದರ್ಶಿ ನಮ್ಮ ಮುಂದೆ ಓಡಿಬಂದು ಹಲ್ಲು ಕಡಿದ.

“ಎತ್ರೋ ಬೋಳಿಮಕ್ಕಳಾ. ಬೆಳಗ್ಗೆಯಿಂದ ಹೇಳ್ಕೊಟ್ಟಿಲ್ವಾ? ಹಿಂಗೆ, ಹಿಂಗೆ,” ಎಂದು ತನ್ನ ಕೈಯನ್ನೇ ಉದ್ದಕ್ಕೆ ಮೇಲೆ ಚಾಚಿದ.

ಕೆಂದ ಹಿಂಗಾಲ ಮೇಲೆ ಎದ್ದು ನಿಂತಿತು. ಮೇಜು ಮಗುಚಿತು, ಅಧ್ಯಕ್ಷರು ಕುರ್ಚಿ ಸಮೇತ ಹಿಂದಕ್ಕೆ ಉರುಳಿದರು, ಅಧಿಕಾರಿ ಕಡತ ಅವಚಿಕೊಂಡು ಕಂಬದ ಹಿಂದೆ ಅಡಗಿದರು. ಪತ್ರಿಕೆಯವರಿಗೆ ಒಳ್ಳೆಯ ಫೋಟೋ ಸಿಕ್ಕಿತು. ನನ್ನ ಗಂಡ ಕುದುರೆಯ ಕತ್ತು ತಬ್ಬಿ, ಕಿವಿಯಲ್ಲಿ ಏನೋ ಗುನುಗಿ, ಅದನ್ನು ಲಾಯಕ್ಕೆ ಬಿಟ್ಟು ಬಂದು ನನ್ನ ಪಕ್ಕ ನಿಂತ.

ಅಧ್ಯಕ್ಷರನ್ನು ಎತ್ತಿ ಕೂರಿಸಿ, ಬೆನ್ನಿನ ಹುಲ್ಲು ಕೊಡವಿ, ಸಭೆ ಮತ್ತೆ ಶುರು ಮಾಡಿದರು. ಅಧಿಕಾರಿ ಅದೇ ಪ್ರಶ್ನೆ ಕೇಳಿದರು. ಈಗ ಎದುರಿಗೆ ಕುದುರೆ ಇರಲಿಲ್ಲ, ಕಾರ್ಯದರ್ಶಿ ಇದ್ದ. ಒಂದೊಂದಾಗಿ ಕೈಗಳು ಮೇಲೆದ್ದವು. ಎಲ್ಲಕ್ಕಿಂತ ಎತ್ತರದಲ್ಲಿ ನನ್ನ ಗಂಡನ ಕೈ. ಅವನಿಗೆ ಕೋಣೆ ಹೋಗುವ ಭಯವಲ್ಲ, ಏಳು ದಿನದ ಆಸೆ. ಕಣ್ಣು ಹೊಳೆಯುತ್ತಿತ್ತು.

ಮಣಿಕಟ್ಟು ಹಿಡಿದು ಅವನ ಕೈಯನ್ನು ಕೆಳಗೆ ಎಳೆದೆ.

“ಬಿಡೇ, ಎಲ್ರೂ ನೋಡ್ತಿದಾರೆ,” ಎಂದ.

“ನೋಡ್ಲಿ.”

“ಏಯ್ ಮುಂಡೆ, ಅವನ ಕೈ ಬಿಡು,” ಕಾರ್ಯದರ್ಶಿ ಕಿರುಚಿದ. “ಅದು ಅವನ ಹಕ್ಕು ಕಣೇ.”

ಹಕ್ಕು ಎಂಬ ಮಾತು ಆ ಬಾಯಿಗೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಅವನ ಕಡೆ ತಿರುಗದೆ ಅಧಿಕಾರಿಗೆ ಹೇಳಿದೆ, “ಸ್ವಾಮಿ, ಇವನು ವಾರಕ್ಕೆ ಐದು ದಿನ ನನ್ನ ಗಂಡ. ಆ ಐದು ದಿನ ನಾನು ಯಾರಿಗೂ ಕೊಡಲ್ಲ. ಬೇಡ ಅಂತ ಬರ್ಕೊಳ್ಳಿ.”

ಬೇಡ ಎನ್ನುವವರ ಸರದಿ ಇನ್ನೂ ಬಂದಿಲ್ಲಮ್ಮ, ಕಾಯಬೇಕು ಎಂದರು ಅವರು. ಕಾಯುತ್ತೇನೆ ಎಂದೆ. ನನ್ನ ಗಂಡನದು ಕುದುರೆ ಹಿಡಿದು ಪಳಗಿದ ಕೈ, ಜೋರಾಗಿ ಕೊಸರಾಡಿತು. ನನ್ನ ಉಗುರುಗಳು ಅವನ ಚರ್ಮಕ್ಕೆ ಇಳಿದವು. ನಾನು ಬಿಡಲಿಲ್ಲ.

ಹಿಂದಿನ ಸಾಲಿನಲ್ಲಿ ಬಳೆ ಸದ್ದಾಯಿತು. ಹುಲ್ಲು ಹಾಕುವವನ ಹೆಂಡತಿ ತನ್ನ ಗಂಡನ ರಟ್ಟೆಗೆ ಜೋತುಬಿದ್ದಿದ್ದಳು. ಅವಳಾಚೆ ಇನ್ನೊಬ್ಬಳು. ಅಧಿಕಾರಿ ಎಣಿಸುವುದನ್ನು ನಿಲ್ಲಿಸಿ, ಬರೆದುಕೊಂಡಿದ್ದನ್ನು ಹೊಡೆದುಹಾಕಿ, ಮತ್ತೆ ಮೊದಲಿನಿಂದ ಎಣಿಸತೊಡಗಿದರು.