ಸಿದ್ದುವಿನ ಅಮ್ಮ

"ಈ ತಿಂಗಳು ಸಿದ್ದುಗೆ ಒಂದು ಸಲವೂ ಫಿಟ್ಸ್ ಬಂದಿಲ್ಲ" ಎಂದು ಟೈಪ್ ಮಾಡಿ ಭಾಗ್ಯಜ್ಯೋತಿ ಕೈ ತಡೆದಳು. ಪಕ್ಕದ ಕ್ಯಾಬಿನ್ನಿನಲ್ಲಿ ಹುಡುಗರು ಗೇಮ್ ಆಡುತ್ತ ಮೇಜು ಗುದ್ದುತ್ತಿದ್ದರು. ಬಿಟಿಎಂ ಲೇಔಟಿನ ಆ ಸೈಬರ್ ಸೆಂಟರಿನಲ್ಲಿ ಶನಿವಾರ ಮಧ್ಯಾಹ್ನವೆಂದರೆ ಹಾಗೆಯೇ, ಸೀಟು ಸಿಕ್ಕಿದ್ದೇ ಪುಣ್ಯ. ಮತ್ತೆ ಬರೆದಳು. "ಮೊನ್ನೆ ಸ್ಕೂಲಿನಲ್ಲಿ ಓಟದ ಪಂದ್ಯ ಇತ್ತು. ಮೂರನೆಯವನಾಗಿ ಬಂದ." ಮೊದಲನೆಯವನು ಎಂದು ಬರೆಯುವ ಆಸೆಯಿತ್ತು. ಅಷ್ಟು ಹೇಳಿದರೆ ಯಾರೂ ನಂಬಲಿಕ್ಕಿಲ್ಲ ಅನ್ನಿಸಿ ಮೂರಕ್ಕೆ ಇಳಿಸಿದ್ದಳು.

ಅವಳಿಗೆ ಮಗನಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಸಿದ್ದಾರೂಢ ಅವಳ ತಮ್ಮ. ಗಂಗಾವತಿ ಕಡೆಯ ಊರಿನಲ್ಲಿ, ಒಂಬತ್ತು ವರ್ಷದವನಿದ್ದಾಗ, ಕಾಲುವೆಯ ದಂಡೆಯ ಮೇಲೆ ಫಿಟ್ಸ್ ಬಂದು ನೀರಿಗೆ ಬಿದ್ದು ತೀರಿಹೋಗಿದ್ದ. ಅದಾಗಿ ಐದು ವರ್ಷ. ಅವ್ವ ಲಕ್ಕವ್ವ ಆಮೇಲೆ ಅವನ ಹೆಸರೆತ್ತಲಿಲ್ಲ. ಬೇರೆ ಯಾರಾದರೂ ಎತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅವನ ಅಂಗಿ ಚಡ್ಡಿಗಳು ಯಾವಾಗ ಮನೆಯಿಂದ ಹೊರಗೆ ಹೋದವೋ ಭಾಗ್ಯಳಿಗೆ ತಿಳಿಯಲೇ ಇಲ್ಲ. ಹೀಗೊಬ್ಬ ಹುಡುಗ ಆ ಮನೆಯಲ್ಲಿ ಉಂಡು ಮಲಗಿ ಜಗಳವಾಡಿದ್ದ ಎಂಬುದಕ್ಕೆ ಅವಳ ನೆನಪು ಬಿಟ್ಟರೆ ಬೇರೆ ಸಾಕ್ಷಿಯೇ ಉಳಿದಿರಲಿಲ್ಲ.

ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದವಳಿಗೆ ಜೆ.ಪಿ. ನಗರದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿ ರೆಕಾರ್ಡ್ ಮಾಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವ ಕೆಲಸ. ಒಂದು ದಿನ ಹಾಗೆ ಕೇಳಿದ ದನಿಯೊಂದು ಫಿಟ್ಸ್ ಬರುವ ಒಂಬತ್ತು ವರ್ಷದ ಹುಡುಗನ ಬಗ್ಗೆ ಹೇಳತೊಡಗಿತು. ಅರ್ಥವಾಗದ ಒಂದು ಪದವನ್ನು ಇಂಟರ್ನೆಟ್ಟಿನಲ್ಲಿ ಹುಡುಕುತ್ತ ಹೋಗಿ ಅವಳು ಆ ಫೋರಂ ತಲುಪಿದ್ದಳು. ಫಿಟ್ಸ್ ಇರುವ ಮಕ್ಕಳ ತಂದೆತಾಯಿಗಳು ಮಾತಾಡಿಕೊಳ್ಳುವ ಜಾಗ. ಕೆಲವರು ಇಂಗ್ಲಿಷಿನಲ್ಲಿ, ಕೆಲವರು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆಯುತ್ತಿದ್ದರು. ಯಾರೂ ನಿಜವಾದ ಹೆಸರು ಹಾಕುತ್ತಿರಲಿಲ್ಲ. ಮಗುವಿಗೆ ಇಂಥ ಕಾಯಿಲೆಯೆಂದು ನೆಂಟರಿಷ್ಟರಿಗೆ ಗೊತ್ತಾದೀತೆಂಬ ಭಯ ಎಲ್ಲರಿಗೂ ಇತ್ತು.

ಅವಳು ಕೇಳಬೇಕೆಂದಿದ್ದು ಒಂದೇ ಪ್ರಶ್ನೆ, ನನ್ನ ತಮ್ಮ ಉಳಿಯಬಹುದಾಗಿತ್ತೆ ಎಂದು. ಆದರೆ ಒಳಗೆ ಹೋಗಲು ಒಂದು ಹೆಸರು ಬೇಕಿತ್ತು. 'ಸಿದ್ದು ಅಮ್ಮ' ಎಂದು ಕೊಟ್ಟಳು. ಪ್ರಶ್ನೆ ಕೇಳುವ ಮೊದಲೇ ಯಾರೋ ಸ್ವಾಗತ ಹೇಳಿ, ಸಿದ್ದು ಈಗ ಹೇಗಿದ್ದಾನೆ ಎಂದು ವಿಚಾರಿಸಿದ್ದರು. ಐದು ವರ್ಷದಲ್ಲಿ ಅವನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ಆರಾಮವಾಗಿದ್ದಾನೆ ಎಂದು ಬರೆದುಬಿಟ್ಟಳು. ಬರೆದ ಮೇಲೆ ಅವನು ಆರಾಮವಾಗಿಯೇ ಇರತೊಡಗಿದ. ಸ್ಕೂಲಿಗೆ ಹೋದ, ಗಣಿತದಲ್ಲಿ ಕಡಿಮೆ ನಂಬರು ತಂದ, ಹಾಗಲಕಾಯಿ ಪಲ್ಯಕ್ಕೆ ಮುಖ ಸಿಂಡರಿಸಿದ. ಹಾಗಲಕಾಯಿಯ ಮಾತು ಮಾತ್ರ ನಿಜ.

ಅಲ್ಲಿ ಅವಳಿಗೆ ಹತ್ತಿರವಾದವಳು 'ತುಳಸಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಗಿರಿನಗರದ ಗೃಹಿಣಿ. ಆರು ವರ್ಷದ ಮಗಳು. ಮಾತ್ರೆ ತಿಂದ ಹುಡುಗಿ ಕ್ಲಾಸಿನಲ್ಲಿ ತೂಕಡಿಸುತ್ತಾಳೆ ಎಂದು ಟೀಚರ್ ದೂರುತ್ತಿದ್ದರಂತೆ. ಮಾತ್ರೆ ತಿನ್ನಿಸಿ ತಿನ್ನಿಸಿ ಮಗುವನ್ನು ಮಂಕು ಮಾಡಿಬಿಟ್ಟಿರಿ ಎಂದು ಅತ್ತೆ ದಿನವೂ ಅನ್ನುತ್ತಿದ್ದರಂತೆ. ಗಂಡ ಈ ವಿಷಯ ಬಂದರೆ ಟಿವಿಯ ಸದ್ದು ಏರಿಸುತ್ತಿದ್ದನಂತೆ. ಸಿದ್ದುವಿನ ಸುದ್ದಿ ಓದಿದ ದಿನ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ ಎಂದು ಒಮ್ಮೆ ಬರೆದಿದ್ದಳು. ಆ ಸಾಲನ್ನು ಭಾಗ್ಯ ಎಷ್ಟೋ ಸಲ ಓದಿದ್ದಳು.

ಸಿದ್ದುಗೆ ಯಾವ ಮಾತ್ರೆ ಕೊಡುತ್ತೀರಿ ಎಂದು ಆ ಶನಿವಾರ ಕೇಳಿದವಳೂ ತುಳಸಿಯೇ. ಓಟದ ಸಂಭ್ರಮ ಇನ್ನೂ ಭಾಗ್ಯಳ ಬೆರಳುಗಳಲ್ಲಿತ್ತು. ಮಾತ್ರೆ ನಿಲ್ಲಿಸಿ ಎಷ್ಟೋ ತಿಂಗಳಾಯಿತು, ನಾವೇ ನಿಲ್ಲಿಸಿದೆವು, ಏನೂ ಆಗಲಿಲ್ಲ, ಈಗ ಚುರುಕಾಗಿದ್ದಾನೆ ಎಂದು ಬರೆದಳು. 'ಹಳೇ ಅಪ್ಪ' ಎಂಬ ಹಿರಿಯರೊಬ್ಬರು ತಕ್ಷಣ, ಡಾಕ್ಟರನ್ನು ಕೇಳದೆ ಯಾರೂ ಹಾಗೆ ಮಾಡಬೇಡಿ ಎಂದರು. ಭಾಗ್ಯಳಿಗೆ ಸಿಟ್ಟು ಬಂತು. ಸಿದ್ದುವಿನ ಸುಖಕ್ಕೆ ಯಾರೋ ಅಡ್ಡಬಂದಂತೆ. ಹೆಡ್‌ಫೋನಿನಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ದೊಡ್ಡ ದೊಡ್ಡ ಪದಗಳನ್ನೆಲ್ಲ ಪೋಣಿಸಿ ಉತ್ತರ ಕೊಟ್ಟಳು. ಓದಿದವರಿಗೆ ಡಾಕ್ಟರೇ ಬರೆದಂತೆ ಕಾಣುತ್ತಿತ್ತು. ಹಳೇ ಅಪ್ಪ ಮತ್ತೆ ಮಾತಾಡಲಿಲ್ಲ. ತುಳಸಿಯೂ ಏನೂ ಬರೆಯಲಿಲ್ಲ.

ಮುಂದಿನ ಎರಡು ವಾರ ತುಳಸಿಯ ಸುದ್ದಿಯಿರಲಿಲ್ಲ. ಆಮೇಲೆ ಒಂದು ಸಂಜೆ ಅವಳ ಖಾಸಗಿ ಸಂದೇಶ ಬಂದಿತ್ತು. ನಿಮ್ಮ ಮಾತು ನಂಬಿ ಧೈರ್ಯ ಮಾಡಿ ಮಾತ್ರೆ ನಿಲ್ಲಿಸಿದೆ. ಒಂದು ವಾರ ಚೆನ್ನಾಗಿದ್ದಳು, ನಿನ್ನೆಯಿಂದ ಒಂದಾದ ಮೇಲೊಂದು ಫಿಟ್ಸ್, ನಿಲ್ಲುತ್ತಲೇ ಇಲ್ಲ. ಬನಶಂಕರಿಯಲ್ಲಿ ನರ್ಸಿಂಗ್ ಹೋಮಿಗೆ ಸೇರಿಸಿದ್ದೇವೆ. ಸಿದ್ದುಗೂ ಮೊದಲು ಹೀಗೇ ಆಗಿ ಸರಿಹೋಯಿತೆ? ದಯವಿಟ್ಟು ಫೋನ್ ಮಾಡಿ. ಕೆಳಗೆ ನಂಬರಿತ್ತು. ಅದರ ಕೆಳಗೆ, ಮೊದಲ ಬಾರಿಗೆ, ಸೌಮ್ಯ ಎಂಬ ಹೆಸರಿತ್ತು.

ಪಿ.ಜಿ.ಗೆ ಹೇಗೆ ನಡೆದು ಬಂದಳೋ ಅವಳಿಗೇ ಗೊತ್ತಿಲ್ಲ. ರೂಮಿನಲ್ಲಿ ಜೊತೆಗಿದ್ದ ಕೊಪ್ಪಳದ ಜಯಾ ಬಟ್ಟೆ ಮಡಚುತ್ತಿದ್ದಳು. ಭಾಗ್ಯ ಮಂಚದ ಅಂಚಿಗೆ ಕೂತು ಎಲ್ಲವನ್ನೂ ಹೇಳಿದಳು. ಜಯಾ ಕೈಲಿದ್ದ ಚೂಡಿದಾರವನ್ನು ಹಾಗೆಯೇ ಹಿಡಿದುಕೊಂಡು ಕೇಳಿದಳು.

"ನಿನ್ನ ಹೆಸರು ಗೊತ್ತೈತೇನು ಆಕಿಗೆ?"

"ಇಲ್ಲ."

"ನೀ ಎಲ್ಲಿರ್ತಿ ಅನ್ನೋದು?"

"ಅದೂ ಇಲ್ಲ."

"ಮತ್ತ ಸುಮ್ನ ಆ ಐಡಿ ತಗದ್ ಹಾಕಿಬಿಡು. ಸಿದ್ದು ಅಮ್ಮ ಅನ್ನಾಕಿ ಒಬ್ಬಾಕಿ ಇರ್ಲೇ ಇಲ್ಲ, ಮುಗೀತು. ನೀ ಹೋದ್ರ ಆ ಹುಡುಗಿ ಏನ್ ಎದ್ ಕೂಡ್ತೈತಿ?"

ಜಯಾ ಕೆಟ್ಟವಳಲ್ಲ. ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕಿ ಕೂತವಳು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಭಾಗ್ಯಳಿಗೆ ಆಗಲಿಲ್ಲ. ಮರುದಿನ ಆಫೀಸಿಗೆ ಹೋಗುವ ಮುಂಚೆ ಸೈಬರ್ ಸೆಂಟರಿಗೆ ಹೋಗಿ ಕೂತಳು. ಖಾತೆ ಅಳಿಸಲು ಒಂದೇ ಬಟನ್ನು ಒತ್ತಿದರೆ ಸಾಕಿತ್ತು. ಒತ್ತಿದರೆ ಸಿದ್ದುವೂ ಹೋಗುತ್ತಿದ್ದ. ಅದಕ್ಕೆ ಹೆದರಿ ಕೈ ಹಿಂದೆಗೆದಳೋ, ಆ ಮಗುವಿಗೆ ಏನಾದೀತೆಂದು ಹೆದರಿಯೋ, ಅವಳಿಗೆ ಕೊನೆಗೂ ಸ್ಪಷ್ಟವಾಗಲಿಲ್ಲ. ಎದ್ದು ಹೊರಗೆ ಬಂದು ಬೇಕರಿಯ ಮುಂದಿನ ಕಾಯಿನ್ ಬಾಕ್ಸಿನಿಂದ ಫೋನ್ ಮಾಡಿದಳು. ಆ ಕಡೆಯ ದನಿ ಅತ್ತು ಅತ್ತು ಬತ್ತಿಹೋದಂತಿತ್ತು.

"ಸಿದ್ದು ಅಮ್ಮನಾ?" ಎಂದಿತು. "ನೀವು ಬರ್ತೀರಾ? ಇಲ್ಲಿ ನಂಜೊತೆ ಮಾತಾಡೋರು ಯಾರೂ ಇಲ್ಲ."

ನರ್ಸಿಂಗ್ ಹೋಮಿನ ಎರಡನೇ ಮಹಡಿಯಲ್ಲಿ, ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಸೌಮ್ಯ ಕೂತಿದ್ದಳು. ಮುಡಿಯಲ್ಲಿ ಬಾಡಿದ ಹೂವನ್ನು ತೆಗೆಯುವುದು ಮರೆತುಹೋಗಿತ್ತು. ಪಕ್ಕದಲ್ಲಿ ಅತ್ತೆ ಅಕ್ಕಯಮ್ಮ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ಭಾಗ್ಯ ತಾನೇ ಸಿದ್ದು ಅಮ್ಮ ಎಂದು ಹೇಳಿದೊಡನೆ ಸೌಮ್ಯ ಎದ್ದುಬಂದು ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಅವಳ ಮುಖವನ್ನೂ ಬರಿಗೊರಳನ್ನೂ ನೋಡಿದಳು.

"ಇಷ್ಟು ಚಿಕ್ಕೋರಾ ನೀವು?" ಎಂದಳು. ಅಷ್ಟೇ. ಅನುಮಾನ ಪಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಮಗಳ ಹೆಸರು ನಂದಿನಿ ಎಂದೂ, ಔಷಧಿ ಕೊಟ್ಟು ಮಲಗಿಸಿದ್ದಾರೆಂದೂ, ಎದ್ದ ಮೇಲೆ ಹೇಗಿರುತ್ತಾಳೋ ಹೇಳಲಾಗದು ಎಂದು ಡಾಕ್ಟರ್ ಅಂದರೆಂದೂ ಹೇಳಿದಳು. ನಡುನಡುವೆ, ಆದರೆ ಸಿದ್ದು ಸರಿಹೋದನಲ್ಲ, ಸಿದ್ದು ಸರಿಹೋದನಲ್ಲ ಎನ್ನುತ್ತಿದ್ದಳು. ಹೇಳಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಭಾಗ್ಯಳಿಗೆ ಒಂದೂ ನೆನಪಾಗಲಿಲ್ಲ.

"ಅವನ ಹತ್ರ ಯಾರಿದಾರೆ ಈಗ?" ಎಂದು ಸೌಮ್ಯ ಕೇಳಿದಳು.

"ಅಕ್ಕಾರ, ಸಿದ್ದು ನನ್ನ ಮಗ ಅಲ್ರಿ. ತಮ್ಮ. ಅವ ಈಗ ಇಲ್ರಿ. ತೀರಿಕೊಂಡು ಐದು ವರ್ಷ ಆತು."

ಸೌಮ್ಯ ಅರ್ಥವಾಗದವಳಂತೆ ನೋಡಿದಳು. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತ ನಿಂತೇ ಇತ್ತು.

"ಮಾತ್ರೆ ಬಿಡಿಸಿದ್ದು?"

"ಬಿಡಿಸಿದ್ದು ಖರೇರಿ. ಸಾಲ್ಯಾಗ ತೂಕಡಸ್ತಾನ, ಬ್ಯಾಡ ಬಿಡವ್ವ ಅಂತ ನಾನ ಅವ್ವಗ ಹೇಳಿದ್ದೆ. ಅವ್ವ ಓದಿದಾಕಿ ಅಲ್ಲ, ನಾ ಹೇಳಿದ್ದು ಕೇಳಿದ್ಲು. ಆಮ್ಯಾಲೆ ಅವ ಭಾಳ ದಿನ ಉಳೀಲಿಲ್ಲ."

ಇದನ್ನು ಅವಳು ಜಯಾಗೂ ಹೇಳಿರಲಿಲ್ಲ.

"ಮತ್ತೆ ಯಾಕೆ ಹಾಗೆ ಬರೆದ್ರಿ?"

"ಬಿಡಿಸಿದ್ರೂ ಏನೂ ಆಗ್ಲಿಲ್ಲ ಅಂತ ಬರದ್ರ..." ಭಾಗ್ಯ ಕಿಟಕಿಯ ಸರಳು ಹಿಡಿದುಕೊಂಡಳು. "ಹಂಗ ಆದಂಗ ಅನಸ್ತಿತ್ರಿ."

ಸೌಮ್ಯ ಒಂದು ಹೆಜ್ಜೆ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡಳು ಭಾಗ್ಯ. ಹೊಡೆದಿದ್ದರೆ ಒಳ್ಳೆಯದಿತ್ತು.

"ನಂದಿನಿಗೆ ಊಟ ಮಾಡಿಸೋವಾಗ ದಿನಾ ಅವನ ವಿಷಯ ಹೇಳ್ತಿದ್ದೆ," ಎಂದಳು ಸೌಮ್ಯ. "ಸಿದ್ದು ಅಣ್ಣ ಇವತ್ತೇನ್ ಮಾಡ್ದ ಅಂತ ಅವಳೇ ಕೇಳ್ತಿದ್ಲು. ಹಂಗಾದ್ರೆ ಅವನೂ ಇಲ್ವಾ."

ಅಷ್ಟರಲ್ಲಿ ಅಕ್ಕಯಮ್ಮ ಅಲ್ಲಿಗೆ ಬಂದು, ಯಾರಮ್ಮ ಇವಳು, ನಿಂತೇ ಇದ್ದಾಳಲ್ಲ, ಕಾಫಿ ಕುಡಿಯುತ್ತಾಳೇನೋ ಕೇಳು ಎಂದರು. ಸೌಮ್ಯ ಅತ್ತೆಯ ಕಡೆ ತಿರುಗಿದಳು.

"ಗೊತ್ತಿರೋರಲ್ಲ," ಎಂದು ಹೇಳಿ ಐಸಿಯುವಿನ ಬಾಗಿಲ ಕಡೆಗೆ ಹೋದಳು.

ಆ ಸಂಜೆ ಭಾಗ್ಯ ಫೋರಂನಲ್ಲಿ ನಡೆದುದೆಲ್ಲವನ್ನೂ ಬರೆದಳು. ಸಿದ್ದು ಇಲ್ಲ, ಹೀಗೆ ಸತ್ತ, ನಾನು ಬರೆದಿದ್ದನ್ನು ಯಾರೂ ನಂಬಬೇಡಿ, ಒಂದು ಮಗು ಆಸ್ಪತ್ರೆಯಲ್ಲಿದೆ ಎಂದು. ಬೈಗುಳ ಬಂದವು. ಅದನ್ನು ನಿರೀಕ್ಷಿಸಿದ್ದಳು. ನಿರೀಕ್ಷಿಸದಿದ್ದುದು ಇನ್ನೊಂದು. ಹಿಂದೆ ಹೇಳಿದ್ದು ಸುಳ್ಳಾದರೆ ಈಗ ಹೇಳುವುದು ನಿಜ ಎನ್ನಲು ಏನು ಆಧಾರ ಎಂದು ಒಬ್ಬರು ಕೇಳಿದ್ದರು. ತುಳಸಿ ಅನ್ನುವವಳೂ ನೀನೇ ಇರಬೇಕು, ಎರಡು ಹೆಸರಿನಲ್ಲಿ ನೀನೇ ಬರೆದುಕೊಳ್ಳುತ್ತಿದ್ದೆ ಎಂದು ಮತ್ತೊಬ್ಬರು. ಆ ಮಾತು ಎಲ್ಲರಿಗೂ ಸರಿಯೆನಿಸಿತು. ಆಸ್ಪತ್ರೆಯಲ್ಲಿ ಮಲಗಿದ್ದ ನಂದಿನಿಯೂ ಅಲ್ಲಿಗೆ ಕಟ್ಟುಕಥೆಯಾದಳು. ಎರಡು ದಿನ ಬಿಟ್ಟು ನೋಡಿದರೆ ಫೋರಂ ನಡೆಸುವವರು ಸಿದ್ದು ಅಮ್ಮ ಬರೆದಿದ್ದೆಲ್ಲವನ್ನೂ ಅಳಿಸಿಹಾಕಿದ್ದರು. ಓಟದ ಪಂದ್ಯ, ಹಾಗಲಕಾಯಿ, ತಪ್ಪೊಪ್ಪಿಗೆ, ಎಲ್ಲ ಒಟ್ಟಿಗೆ ಹೋಗಿದ್ದವು.

ನಂದಿನಿ ಬದುಕಿದಳು. ಅದನ್ನು ತಿಳಿಯಲು ಭಾಗ್ಯ ನರ್ಸಿಂಗ್ ಹೋಮಿಗೆ ಹೋಗಿ ರಿಸೆಪ್ಷನ್ನಿನ ಹುಡುಗಿಯನ್ನು ಕೇಳಬೇಕಾಯಿತು. ಬಲಗೈ ಬಲಗಾಲಿನಲ್ಲಿ ಸ್ವಾಧೀನ ಕಮ್ಮಿ, ಮಾತು ಒಂದೋ ಎರಡೋ, ಶನಿವಾರ ಶನಿವಾರ ವ್ಯಾಯಾಮಕ್ಕೆ ಕರೆತರುತ್ತಾರೆ ಎಂದಳು ಆ ಹುಡುಗಿ. ಅಂದಿನಿಂದ ಭಾಗ್ಯ ಶನಿವಾರ ಎದುರು ಫುಟ್‌ಪಾತಿನಲ್ಲಿ, ಎಳನೀರಿನ ಗಾಡಿಯ ಮರೆಯಲ್ಲಿ ನಿಲ್ಲುತ್ತಿದ್ದಳು. ಯಾಕೆ ಎಂದು ಜಯಾ ಎಷ್ಟು ಕೇಳಿದರೂ ಹೇಳಲಿಲ್ಲ. ಆಟೋದಿಂದ ತಾಯಿ ಮಗಳು ಇಳಿಯುವುದನ್ನೂ, ಮಗು ಕಾಲೆಳೆಯುತ್ತ ಗೇಟು ದಾಟುವುದನ್ನೂ ನೋಡಿ ಬಸ್ ಹಿಡಿಯುತ್ತಿದ್ದಳು. ಕೆಲವೊಮ್ಮೆ ಸೌಮ್ಯ ಇತ್ತ ತಿರುಗಿದಂತೆ ಕಾಣುತ್ತಿತ್ತು. ನೋಡಿದಳೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಹೀಗೆ ಮಳೆಗಾಲ ಕಳೆಯಿತು. ದಸರೆ ಮುಗಿದ ಮೇಲಿನ ಒಂದು ಶನಿವಾರ, ವ್ಯಾಯಾಮ ಮುಗಿಸಿ ಹೊರಬಂದ ಅವರಿಗೆ ಆಟೋ ಸಿಗಲಿಲ್ಲ. ಸೌಮ್ಯ ಮಗಳನ್ನು ನಡೆಸಿಕೊಂಡು ರಸ್ತೆ ದಾಟಿ, ಭಾಗ್ಯ ನಿಂತಿದ್ದ ಕಡೆಗೇ ಬಂದಳು. ಹೆಗಲಲ್ಲಿ ಚೀಲ, ಒಂದು ಕೈಯಲ್ಲಿ ಸ್ಕ್ಯಾನಿನ ದೊಡ್ಡ ಕವರು, ಇನ್ನೊಂದರಲ್ಲಿ ಮಗಳು. ಫುಟ್‌ಪಾತ್ ಹತ್ತುವಾಗ ನಂದಿನಿಯ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಮಗುವಿಗೆ ಅದು ಗೊತ್ತೇ ಆಗಲಿಲ್ಲ, ಬರಿಗಾಲಲ್ಲೇ ಇನ್ನೊಂದು ಹೆಜ್ಜೆ ಇಟ್ಟಿತು.

ಭಾಗ್ಯ ಹೋಗಿ ಚಪ್ಪಲಿ ಎತ್ತಿಕೊಂಡು ಮಗುವಿನ ಮುಂದೆ ಮಂಡಿಯೂರಿದಳು. ಸೌಮ್ಯ ಅವಳನ್ನು ನೋಡಿದಳು. ಬೇಡ ಎನ್ನಲಿಲ್ಲ. ಮುಖ ತಿರುಗಿಸಿ, ಬರುವ ಆಟೋಗಳ ಕಡೆಗೆ ಕಣ್ಣು ನೆಟ್ಟು ನಿಂತಳು. ಮಗುವಿನ ಪಾದ ತಣ್ಣಗಿತ್ತು, ಬೆರಳುಗಳು ಒಳಕ್ಕೆ ಮುದುರಿಕೊಂಡಿದ್ದವು. ಒಂದೊಂದಾಗಿ ಬಿಡಿಸಿ ಚಪ್ಪಲಿಯೊಳಗೆ ಕೂರಿಸಿ ಹಿಂದಿನ ಪಟ್ಟಿ ಹಾಕಲು ಸಮಯ ಹಿಡಿಯಿತು. ಒಂಟಿಕಾಲಿನಲ್ಲಿ ತೂಗಾಡಿದ ನಂದಿನಿ ತಾಯಿಯ ಹಿಡಿತದಿಂದ ಎಡಗೈ ಬಿಡಿಸಿಕೊಂಡು, ಬೀಳದಿರಲೆಂದು, ಎದುರಿಗಿದ್ದ ತಲೆಯ ಮೇಲೆ ಊರಿದಳು.