ಫಿಲೋಮೆನವ್ವನ ಹುಲ್ಲಿನ ಅಟ್ಟ

ಗಂಡ ಕಲ್ಲಯ್ಯ ತೀರಿಕೊಂಡ ಮರುವರ್ಷ ಕಾಶವ್ವ ಬೈಲಹೊಂಗಲದಿಂದ ಲಂಡನ್ನಿಗೆ, ಮಗ ವೀರಭದ್ರನ ಮನೆಗೆ ಬಂದಳು. ವೀರಭದ್ರ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್. ರೇನರ್ಸ್ ಲೇನ್ ಟ್ಯೂಬ್ ರೈಲು ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಮನೆ. ಆರು ವರ್ಷದಲ್ಲಿ ಕಾಶವ್ವ ಅಲ್ಲಿನ ಗುಜರಾತಿ ಅಂಗಡಿಯವನಿಗೆ ಹೇಳಿ ಜೋಳದ ಹಿಟ್ಟು ತರಿಸಿಕೊಳ್ಳುವಷ್ಟು ಪಳಗಿದ್ದಳು. ಇಂಗ್ಲಿಷ್ ಮಾತ್ರ ‘ಥ್ಯಾಂಕ್ಯೂ’ ದಾಟಿ ಮುಂದೆ ಹೋಗಿರಲಿಲ್ಲ.

೧೯೯೫ರ ಏಪ್ರಿಲ್. ಎರಡನೆಯ ಮಹಾಯುದ್ಧ ಮುಗಿದು ಐವತ್ತು ವರ್ಷವಾಯಿತೆಂದು ಊರೆಲ್ಲ ಹಬ್ಬಕ್ಕೆ ಸಜ್ಜಾಗುತ್ತಿತ್ತು. ಹನ್ನೆರಡು ವರ್ಷದ ಮೊಮ್ಮಗಳು ಸೃಷ್ಟಿ ಶಾಲೆಯಿಂದ ಬಂದವಳೇ ಬ್ಯಾಗು ಬಿಸಾಡಿ ಅಡುಗೆಮನೆಗೆ ಬಂದಳು. ಯುದ್ಧ ಹೇಗೆ ಶುರುವಾಯಿತು, ಹೇಗೆ ನಡೆಯಿತು, ಹೇಗೆ ಮುಗಿಯಿತು, ಮನೆಯ ಹಿರಿಯರನ್ನು ಕೇಳಿ ಬರೆಯಿರಿ ಎಂದು ಟೀಚರ್ ಹೇಳಿದ್ದರು.

“ಅಜ್ಜಿ, ವಾರ್ ಬಗ್ಗೆ ನಿಂಗೇನಾದ್ರೂ ಗೊತ್ತಾ?”

“ನಿಮ್ಮ ಅಜ್ಜಾನ ಲಡಾಯಿಗೆ ಹೋಗಿದ್ದನಲ್ಲ ತಂಗಿ, ನನಗ ಗೊತ್ತಿಲ್ದ ಏನು?”

ಸೃಷ್ಟಿ ಪೆನ್ನು ತೆಗೆದು ಕೂತಳು. ಕಾಶವ್ವ ಹಿಟ್ಟಿನ ಕೈ ತೊಳೆದು ಬಂದು ಎದುರಿಗೆ ಕೂತಳು.

“ಜರ್ಮನಿಯಾಂವ ಪೋಲಂಡಿನ ಮ್ಯಾಲೆ ಏರಿ ಹೋದ. ಇಂಗ್ಲೆಂಡು, ಫ್ರಾನ್ಸು ಅವನ ಎದುರು ನಿಂತ್ವು. ನಾವು ಆವಾಗ ಬ್ರಿಟಿಷರ ಕೈಯಾಗಿದ್ವಿ. ನಮ್ಮನ್ನ ಯಾರು ಕೇಳ್ತಾರ? ದಿಲ್ಲ್ಯಾಗಿನ ಲಾಟಸಾಹೇಬ, ಹಿಂದೂಸ್ತಾನನೂ ಲಡಾಯ್ಯಾಗ ಐತಿ ಅಂದ, ಮುಗೀತು. ಮುಂದ ಎರಡೂ ಕಡೆ ಗುಂಪು ಬೆಳೀತು. ಜರ್ಮನಿ ಕೂಡ ಇಟಲಿ, ಜಪಾನ್ ಸೇರಿದ್ವು. ಈ ಕಡೆ ರಶಿಯಾ ಬಂತು, ಅಮೇರಿಕಾ ಬಂತು. ಲೋಕದಾಗ ಲಡಾಯಿ ಮುಟ್ಟಲಾರದ ಊರು ಉಳೀಲಿಲ್ಲ.”

ಕಲ್ಲಯ್ಯ ಲಾರಿ ಓಡಿಸುತ್ತಿದ್ದವನು. ಮದುವೆಯಾಗಿ ನಾಲ್ಕು ತಿಂಗಳಿಗೆ ಪಲ್ಟನ್ನು ಸೇರಿ ಆಫ್ರಿಕಾದ ಮರಳುಗಾಡಿಗೆ ಹೋದ. ೧೯೪೨ರಲ್ಲಿ ಟೋಬ್ರುಕ್ ಕೋಟೆ ಜರ್ಮನರ ಪಾಲಾದಾಗ ಸಾವಿರಾರು ಜನರ ಜತೆ ಸೆರೆಸಿಕ್ಕ. ‘ಕಾಣೆಯಾಗಿದ್ದಾನೆ’ ಎಂದು ಊರಿಗೆ ತಂತಿ ಬಂತು. ಎಂಟು ತಿಂಗಳ ಮೇಲೆ ರೆಡ್‌ಕ್ರಾಸಿನ ಕಾರ್ಡು ಬಂತು, ಇಟಲಿಯ ಸೆರೆಯಲ್ಲಿದ್ದಾನೆಂದು. ಅದಾದ ಮೇಲೆ ಮತ್ತೆ ಸುದ್ದಿಯೇ ಇಲ್ಲ. ವರ್ಷ ಕಳೆದ ಮೇಲೆ ಅತ್ತೆಮನೆಯ ಹಿರಿಯರು ಬಳೆಯ ಮಾತು ತೆಗೆದರು.

“ನಾ ಅಂದೆ, ಮೊದಲು ಹೆಣ ತೋರಸ್ರಿ, ಆಮ್ಯಾಲೆ ಬಳಿ ಒಡೀತೀನಿ.”

ಕಲ್ಲಯ್ಯ ಸತ್ತಿರಲಿಲ್ಲ. ೧೯೪೩ರ ಸೆಪ್ಟೆಂಬರಿನಲ್ಲಿ ಇಟಲಿ ಸೋಲೊಪ್ಪಿತು. ಸೆರೆಮನೆಯ ಕಾವಲುಗಾರರು ಬಂದೂಕು ಬಿಟ್ಟು ಮನೆಗೆ ಹೋದರು. ಕೈದಿಗಳನ್ನು ಹೊತ್ತೊಯ್ಯಲು ಜರ್ಮನರು ಬರುವಷ್ಟರಲ್ಲಿ ಕಲ್ಲಯ್ಯ ಬೇಲಿ ಹಾರಿ ಬೆಟ್ಟ ಹತ್ತಿದ್ದ. ವಾಲ್‌ಫ್ರೆದ್ದಾ ಎಂಬ ಹಳ್ಳಿಯಲ್ಲಿ, ಜ್ವರದಿಂದ ಬೇಲಿಗುಂಟ ಬಿದ್ದಿದ್ದವನನ್ನು ಫಿಲೋಮೆನಾ ಎಂಬ ಹೆಂಗಸು ಎತ್ತಿ ತಂದು ದನದ ಕೊಟ್ಟಿಗೆಯ ಮೇಲಿನ ಹುಲ್ಲಿನ ಅಟ್ಟದಲ್ಲಿ ಅಡಗಿಸಿದಳು. ಕೈದಿಗಳನ್ನು ಇಟ್ಟುಕೊಂಡವರಿಗೆ ಗುಂಡು ಎಂದು ಜರ್ಮನರು ಊರೂರಿಗೆ ಕಾಗದ ಅಂಟಿಸಿದ್ದರು. ಆದರೂ ಒಂಬತ್ತು ತಿಂಗಳು, ಹಿಮ ಬಿದ್ದು ಕರಗುವವರೆಗೆ, ಅವಳು ಅವನನ್ನು ಸಾಕಿದಳು.

“ನಿಮ್ಮ ಅಜ್ಜ ಮಾಂಸ ಮುಟ್ಟತಿದ್ದಿಲ್ಲ. ಆಕಿ ಅವನ ಸಲುವಾಗಿ ಬ್ಯಾರೆ ಗಡಿಗ್ಯಾಗ ಕಡ್ಲಿ ಬೇಯಿಸ್ತಿದ್ಲಂತ. ಗೋವಿನಜೋಳದ ನುಚ್ಚು ಮಾಡಿ ಹಲಗಿ ಮ್ಯಾಲೆ ಸುರೀತಿದ್ಲಂತ. ಕೊರಳಾಗಿನ ಬೆಳ್ಳಿ ಕರಡಿಗಿ ನೋಡಿ, ಒಳಗ ತಮ್ಮಂಗ ಯಾವದೋ ಸಂತನ ಎಲುಬು ಐತಿ ಅಂತ ತಿಳದು, ದಿನಾ ಅದಕ್ಕ ಮುತ್ತು ಕೊಡ್ತಿದ್ಲಂತ. ಒಳಗ ಲಿಂಗ ಐತಿ ಅಂತ ಇಂವ ಹೇಳೂದರ ಹ್ಯಾಂಗ? ಭಾಷಾನ ಬರತಿದ್ದಿಲ್ಲ.”

“ಬಟ್ ಅಜ್ಜಿ, ಇಟಲಿಯವರು ಎನಿಮಿ ಅಲ್ವಾ?”

“ಸರ್ಕಾರಕ್ಕ ಸರ್ಕಾರ ವೈರಿ, ಯವ್ವಾ. ಆಕೀಗೆ ಇಂವ ಹಸಿದ ಹುಡುಗ.”

೧೯೪೪ರ ಬೇಸಿಗೆಯಲ್ಲಿ ಬ್ರಿಟಿಷ್ ಸೇನೆ ಆ ಬೆಟ್ಟ ಮುಟ್ಟಿತು. ಆ ವರ್ಷದ ದೀಪಾವಳಿಗೆ ಕಲ್ಲಯ್ಯ ಮನೆ ಸೇರಿದ. ಮುಂದಿನ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಆಗಸ್ಟಿನಲ್ಲಿ ಜಪಾನಿನ ಎರಡು ಊರುಗಳು ಅಣುಬಾಂಬಿಗೆ ಸುಟ್ಟು ಬೂದಿಯಾದ ಮೇಲೆ ಜಪಾನೂ ಶರಣಾಯಿತು. ಯುದ್ಧ ಮುಗಿಯಿತು. ಕಲ್ಲಯ್ಯ ಇಟಲಿಗೆ ಎರಡು ಕಾಗದ ಬರೆಸಿ ಹಾಕಿದ. ಉತ್ತರ ಬರಲಿಲ್ಲ. ಸಾಯುವವರೆಗೂ ಉಣ್ಣುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿ ‘ಫಿಲೋಮೆನವ್ವ’ ಅನ್ನುತ್ತಿದ್ದ.

ಸೃಷ್ಟಿ ಎಲ್ಲವನ್ನೂ ಬರೆದಳು. ಮೇ ತಿಂಗಳಲ್ಲಿ ಮಕ್ಕಳ ಬರಹಗಳನ್ನು ಶಾಲೆಯ ಊಟದ ಕೋಣೆಯ ಗೋಡೆಗೆ ಹಚ್ಚಿದರು. ಆ ಕೋಣೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದವಳು ಅಸ್ಸುಂತಾ, ಇಟಲಿಯಿಂದ ಬಂದು ಮೂವತ್ತು ವರ್ಷವಾಗಿದ್ದ ಹೆಂಗಸು. ಮೇಜು ಒರೆಸುತ್ತ ಒರೆಸುತ್ತ ಗೋಡೆಯ ಮೇಲೆ ‘ವಾಲ್‌ಫ್ರೆದ್ದಾ’ ಎಂದು ಕಂಡಾಗ ಬಟ್ಟೆ ಅಲ್ಲೇ ಬಿಟ್ಟಳು. ಅದು ಅವಳ ತವರಿನ ಪಕ್ಕದ ಹಳ್ಳಿ.

ಮುಂದಿನದೆಲ್ಲ ಎರಡು ವಾರದಲ್ಲಿ ನಡೆಯಿತು. ಅಸ್ಸುಂತಾ ಆ ಹಳ್ಳಿಯ ಪಾದ್ರಿಗೆ ಫೋನ್ ಮಾಡಿದಳು. ಫಿಲೋಮೆನಾ ಸತ್ತು ಇಪ್ಪತ್ತು ವರ್ಷವಾಗಿತ್ತು. ಮಗಳು ಕೊಂಚೆತ್ತಾ ಇದ್ದಳು, ಅದೇ ಮನೆಯಲ್ಲಿ. ಕಲ್ಲಯ್ಯ ಅಲ್ಲಿದ್ದಾಗ ಹನ್ನೊಂದು ವರ್ಷದವಳು, ಲಂಗದ ಮಡಿಕೆಯಲ್ಲಿ ಊಟ ಮುಚ್ಚಿಕೊಂಡು ಅಟ್ಟ ಹತ್ತುತ್ತಿದ್ದವಳು.

ಭಾನುವಾರ ಬೆಳಿಗ್ಗೆ ಅಸ್ಸುಂತಾ ಮನೆಗೆ ಬಂದಳು. ಕಾಶವ್ವ ಇಳಕಲ್ ಸೀರೆಯುಟ್ಟು, ವಿಭೂತಿ ಹಚ್ಚಿ ಕಾದಿದ್ದಳು. ಹಜಾರದ ಫೋನಿನ ಸುತ್ತ ಎಲ್ಲರೂ ನಿಂತರು. ಕೊಂಚೆತ್ತಾಳ ಮಾತನ್ನು ಅಸ್ಸುಂತಾ ಇಂಗ್ಲಿಷಿಗೆ ತಂದಳು, ಸೃಷ್ಟಿ ಕನ್ನಡಕ್ಕೆ ತಂದಳು. ಅಜ್ಜಿಯ ಜತೆ ಇಂಗ್ಲಿಷ್ ಬೆರೆಸಿಯೇ ಮಾತಾಡಿ ಬೆಳೆದಿದ್ದ ಹುಡುಗಿ ಅಂದು ಒಂದೊಂದೇ ಪದ ಹುಡುಕಿ ಹುಡುಕಿ ಆಡಿದಳು.

“ನಮ್ಮವರು ಹೋದ ಮ್ಯಾಲೆ ನಿಮಗ ತ್ರಾಸ ಆತೇನು, ಕೇಳು,” ಅಂದಳು ಕಾಶವ್ವ.

ಉತ್ತರ ದಾಟಿಸುವಾಗ ಸೃಷ್ಟಿಯ ಧ್ವನಿ ಸಣ್ಣದಾಯಿತು. “ಅಜ್ಜ ಇರುವಾಗಲೇ ಜರ್ಮನ್ಸ್ ಬಂದಿದ್ರಂತೆ. ಅವರ ಅಪ್ಪನ್ನ, ಫಿಲೋಮೆನಾ ಗಂಡನ್ನ, ಹೊಲದಲ್ಲಿ ಹಿಡಿದು ಹೊಡೆದ್ರಂತೆ. ಬಲಗೈ ಆಮೇಲೆ ಯಾವತ್ತೂ ಸರಿ ಹೋಗಲಿಲ್ಲ. ಆದ್ರೂ ಅಜ್ಜ ಎಲ್ಲಿದ್ದಾರೆ ಅಂತ ಅವರು ಹೇಳಲಿಲ್ಲ. ಅಜ್ಜನಿಗೂ, ‘ಎತ್ತು ಒದೀತು’ ಅಂತ ಸನ್ನೆ ಮಾಡಿ ತೋರಿಸಿದ್ರಂತೆ.”

ಕಾಶವ್ವ ಫೋನಿಗೆ ಇನ್ನಷ್ಟು ಹತ್ತಿರ ಬಂದಳು. ಇದು ಕಲ್ಲಯ್ಯನಿಗೆ ಗೊತ್ತೇ ಇರಲಿಲ್ಲ.

“ಯಾಕ ಇಟಗೊಂಡ್ರಿ? ನಿಮಗ ಅಂವ ಏನಾಗಬೇಕಿತ್ತು?”

ಈ ಸಲ ಅಸ್ಸುಂತಾ ಕಣ್ಣೊರೆಸಿಕೊಂಡು ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಿದಳು, ಸೃಷ್ಟಿ ದಾಟಿಸಿದಳು. “ಕೊಂಚೆತ್ತಾ ಅವರ ಅಣ್ಣ ಡೊನಾತೋ, ಇಟಲಿ ಸೋಲ್ಜರ್. ರಶಿಯಾಗೆ ಕಳಿಸಿದ್ರು. ಸುದ್ದಿ ಇರಲಿಲ್ಲ. ಅವರಮ್ಮ ಹೇಳ್ತಿದ್ರಂತೆ: ನಾನು ಈ ಹುಡುಗನಿಗೆ ಊಟ ಹಾಕಿದ್ರೆ, ಅಲ್ಲಿ ಯಾವುದೋ ತಾಯಿ ನನ್ನ ಮಗನಿಗೆ ಹಾಕ್ತಾಳೆ.”

“ಬಂದನೇನು ಅಂವ?”

“ಇಲ್ಲ ಅಜ್ಜಿ. ಬರಲಿಲ್ಲ.”

ಕಾಶವ್ವ ಕೈ ಚಾಚಿ ರಿಸೀವರ್ ತಾನೇ ತೆಗೆದುಕೊಂಡಳು. ಯಾರಾದರೂ ಅನುವಾದಿಸಲಿ ಎಂದು ಕಾಯದೆ, ತನ್ನ ಭಾಷೆಯಲ್ಲೇ ನಿಧಾನವಾಗಿ ಹೇಳಿದಳು:

“ತಂಗೀ, ನಿಮ್ಮವ್ವ ಹಾಕಿದ ತುತ್ತಿನಿಂದ ನನ್ನ ಕೈಯಾಗಿನ ಬಳಿ ಉಳದ್ವು. ಮನಿ ತುಂಬೇತಿ. ಮಗ ಹುಟ್ಟಿದ, ಡಾಕ್ಟರ್ ಆದ, ನಾಕ್ ಮಂದೀಗೆ ಜೀವಾ ಕೊಡ್ತಾನ. ಮೊಮ್ಮಗಳು ಇಲ್ಲೇ ನಿಂತಾಳ. ಇದೆಲ್ಲಾ ನಿಮ್ಮವ್ವಂದು. ನಿಮ್ಮಣ್ಣ ಬರಲಿಲ್ಲ. ಆ ಹೊಟ್ಟ್ಯಾಗಿನ ಸಂಕಟ ನಾ ಬಲ್ಲೆ. ಇನ್ನ ಮ್ಯಾಲೆ ನಮ್ಮ ಮನ್ಯಾಗ ಲಿಂಗಪೂಜಿ ಹೊತ್ತಿಗೆ ಅವನ ಹೆಸರು ತಗೋತೀನಿ. ಥ್ಯಾಂಕ್ಯೂ, ತಂಗೀ. ಥ್ಯಾಂಕ್ಯೂ.”

ಆ ಕಡೆ ಕೊಂಚೆತ್ತಾ ಅಳುತ್ತಿದ್ದುದು ಎಲ್ಲರಿಗೂ ಕೇಳಿಸಿತು. ಅಸ್ಸುಂತಾ, ಸೃಷ್ಟಿ ಸೇರಿ ಆ ಮಾತನ್ನು ದಾಟಿಸಿದ ಬಳಿಕ ಅವಳೇನೋ ಕೇಳಿದಳು. ಮಗ ಹತ್ತಿರದಲ್ಲಿದ್ದರೆ ಅವನ ಧ್ವನಿ ಕೇಳಬೇಕಂತೆ.

ವೀರಭದ್ರ ಮುಂದೆ ಬಂದು ರಿಸೀವರ್ ಹಿಡಿದ. ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ಜನರಿಗೆ ಧೈರ್ಯ ಹೇಳುವವನು ಇಲ್ಲಿ ತನ್ನ ಹೆಸರಷ್ಟೇ ಹೇಳಿದ. ಬೆಟ್ಟದ ಆ ಮನೆಯಿಂದ ಕೊಂಚೆತ್ತಾ ಆ ಹೆಸರನ್ನು ಎರಡು ಸಲ ತಪ್ಪಾಗಿ ಆಡಿದಳು, ಮೂರನೆಯ ಸಲಕ್ಕೆ ಸರಿಯಾಗಿ ಕರೆದಳು. ವೀರಭದ್ರ ಚಿಕ್ಕ ಹುಡುಗನ ಹಾಗೆ “ಹೂಂ” ಎಂದು ಓಗೊಟ್ಟ.